ಚಿಪ್ಪಿನ ಮಣ್ಣು ಹಾಕಿ ಹೊಲ ಎಬ್ಬಿಸ್ದೋನ ಕತೆ

ಪ್ರಶ್ನೆ: ನಮ್ದು ಮದ್ದೂರು ಕಡೆ, ನಾಲೆ ನೀರಿನ ಗದ್ದೆ. ಅಮೆರಿಕದ ಎಡ್ಮಂಡ್ ರಫಿನ್ ಅನ್ನೋರು ಸುಣ್ಣದ ಮಣ್ಣು ಹಾಕಿ ಸತ್ತೋಗಿದ್ದ ಭೂಮಿ ಎಬ್ಬಿಸಿದ್ರಂತೆ, ಊರಿನ ರೈತರ ಸಭೇಲಿ ಅವರ ಬಗ್ಗೆ ನಾಲ್ಕು ಮಾತಾಡೋಣ ಅಂತಿದ್ದೆ. ಮೈಸೂರಲ್ಲಿ ಓದೋ ಮಗಳು ‘ಅವನು ಗುಲಾಮರನ್ನ ಇಟ್ಕೊಂಡಿದ್ದೋನು, ಹೆಸರೇ ಎತ್ಬೇಡಿ’ ಅಂತಾಳೆ. ಏನ್ಮಾಡ್ಲಿ? ನಮ್ಮ ಗದ್ದೆಗೂ ಸುಣ್ಣ ಹಾಕ್ಬೋದಾ?

ಉತ್ತರ: ಮಾತಾಡಿ, ಆದ್ರೆ ಅರ್ಧ ಕತೆ ಹೇಳಿ ಕೂತ್ಕೋಬೇಡಿ.

ರಫಿನ್ ಅಮೆರಿಕದ ವರ್ಜೀನಿಯಾ ರಾಜ್ಯದೋನು, 1794ರಲ್ಲಿ ಹುಟ್ದೋನು. ಅಲ್ಲಿ ತಲೆಮಾರುಗಟ್ಲೆ ಹೊಗೆಸೊಪ್ಪು ಬೆಳೆದು ಬೆಳೆದು ನೆಲದ ಸಾರವೆಲ್ಲ ಹೋಗಿತ್ತು, ಗೊಬ್ಬರ ಹಾಕಿದ್ರೂ ಹಿಡೀತಿರ್ಲಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಬರೆದ ಕೃಷಿ ರಸಾಯನಶಾಸ್ತ್ರದ ಪುಸ್ತಕ ಓದ್ದ, ಹುಳಿಸೊಪ್ಪಿನ ಕಳೆ, ಪೈನ್ ಮರ ಎಲ್ಲೆಲ್ಲಿ ಜೋರಾಗಿ ಬರುತ್ತೆ ಅಂತ ನೋಡ್ದ, ಓಹೋ ಮಣ್ಣಲ್ಲಿ ಹುಳಿ ಜಾಸ್ತಿಯಾಗಿದೆ ಅಂತ ಹಿಡಿದ. ಜೇಮ್ಸ್ ನದಿ ಪಕ್ಕದ ಅವನ ಜಮೀನಿನಡಿ ಹಳೇ ಕಾಲದ ಸಮುದ್ರದ ಚಿಪ್ಪು ತುಂಬಿದ ಮಣ್ಣಿತ್ತು, ಮಾರ್ಲ್ ಅಂತಾರೆ, ಅದರಲ್ಲಿರೋ ಸುಣ್ಣ ಹುಳಿ ಮುರಿಯುತ್ತೆ, ಅದನ್ನ 1818ರಲ್ಲಿ ತೆಗೆಸಿ ಹರಡಿಸ್ದ, ಮುಸುಕಿನ ಜೋಳದ ಇಳುವರಿ ಹೆಚ್ಚುಕಮ್ಮಿ 40 ಪರ್ಸೆಂಟ್ ಜಾಸ್ತಿ ಬಂತು. 1832ರಲ್ಲಿ ಇದನ್ನೆಲ್ಲ ಪುಸ್ತಕ ಮಾಡ್ದ, ಆಮೇಲೆ ರೈತರಿಗಾಗಿ ಒಂದು ಪತ್ರಿಕೇನೂ ನಡೆಸ್ದ. ಇಷ್ಟೂ ನಿಜ, ಮೆಚ್ಚೋ ಕೆಲಸಾನೇ.

ಆದ್ರೆ ಗುಂಡಿಗಿಳಿದು ಆ ಒದ್ದೆ ಮಣ್ಣನ್ನ ಅಗೆದು, ಗಾಡಿಗೆ ತುಂಬಿ, ಹೊಲಕ್ಕೆ ಹೊಡೆದೋರು ಯಾರು? ಅವನ ಗುಲಾಮರು. ಇಳುವರಿ ಅವನ ಹೆಸರಲ್ಲಿ ದಾಖಲಾಯ್ತು, ಬೆವರು ಸುರಿಸ್ದೋರ ಹೆಸರು ಹೇಳೋರೇ ಇಲ್ಲ. ಇನ್ನೊಂದು ವಿಷ್ಯ, ನೆಲ ಕೆಟ್ಟು ಜನ ಗುಲಾಮರ ಸಮೇತ ಪಶ್ಚಿಮಕ್ಕೆ ಗುಳೆ ಹೋಗ್ತಿದ್ರು, ವರ್ಜೀನಿಯಾದ ಬಲ ಕರಗ್ತಿತ್ತು, ಅದನ್ನ ತಡೀಬೇಕು ಅನ್ನೋದೂ ಅವನ ಮಣ್ಣಿನ ಕೆಲಸದೊಳಗೇ ಇತ್ತು, ಹಂಗಾಗಿ ಕೃಷಿ ಬೇರೆ ರಾಜಕೀಯ ಬೇರೆ ಅಂತ ಇವನ ವಿಷ್ಯದಲ್ಲಿ ಬಿಡಿಸಿ ಹೇಳೋಕಾಗಲ್ಲ. ಗುಲಾಮಗಿರಿ ಉಳೀಬೇಕು, ಅದಕ್ಕೆ ದಕ್ಷಿಣದ ರಾಜ್ಯಗಳು ಬೇರೆ ದೇಶ ಆಗ್ಬೇಕು ಅಂತ ಹಟ ಹಿಡಿದ. 1861ರ ಏಪ್ರಿಲ್ 12ರಂದು ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಶುರುವಾದಾಗ ಫೋರ್ಟ್ ಸಮ್ಟರ್ ಕೋಟೆ ಮೇಲೆ ಹಾರಿದ ಮೊದಮೊದಲ ಗುಂಡುಗಳಲ್ಲಿ ಒಂದು ಇವನದ್ದು, ಆಗ ವಯಸ್ಸು 67. ದಕ್ಷಿಣದೋರು ಯುದ್ಧ ಸೋತ ಮೇಲೆ, 1865ರ ಜೂನಲ್ಲಿ, ಉತ್ತರದೋರ ಮೇಲಿನ ದ್ವೇಷಾನೆಲ್ಲ ಡೈರಿಯಲ್ಲಿ ಬರೆದಿಟ್ಟು ತಾನಾಗೇ ಪ್ರಾಣ ಕಳ್ಕೊಂಡ. ನಿಮ್ಮ ಮಗಳ ಸಿಟ್ಟಲ್ಲಿ ನ್ಯಾಯ ಇದೆ, ಹೆಸರು ಮುಚ್ಚಿಡೋ ಬದ್ಲು ಇದನ್ನೆಲ್ಲ ಅವಳ ಕೈಲೇ ಸಭೇಲಿ ಹೇಳಿಸಿ.

ಇನ್ನು ನಿಮ್ಮ ಗದ್ದೆ. ಸುಣ್ಣ ಹುಳಿ ಮಣ್ಣಿಗೆ ಮಾತ್ರ, ಮಲೆನಾಡು ಕರಾವಳಿ ಕಡೆ ಸರಿ. ನಾಲೆ ಬಯಲಲ್ಲಿ ನೀರು ನಿಂತೂ ನಿಂತೂ ಚೌಳು ಎದ್ದಿರೋ ಜಮೀನು ಬಹಳ, ಅಂಥದ್ದಕ್ಕೆ ಸುಣ್ಣ ಹಾಕಿದ್ರೆ ದುಡ್ಡು ದಂಡ, ಕ್ಷಾರದ ಚೌಳಾದ್ರೆ ಬೇಕಾಗೋದು ಜಿಪ್ಸಂ, ಜೊತೆಗೆ ನೀರು ಬಸಿದು ಹೋಗೋಕೆ ಕಾಲುವೆ. ಕುಯ್ಲಾದ್ಮೇಲೆ ಬದು, ತಿಪ್ಪೆ ಪಕ್ಕ ಬಿಟ್ಟು ಎಂಟ್ಹತ್ತು ಕಡೆ ಅರ್ಧ ಅಡಿ ಆಳದ ತನಕ ಮಣ್ಣು ತೆಗೀರಿ, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಮಣ್ಣು ಪರೀಕ್ಷೆಗೆ ಕೊಡಿ. ಪಿಎಚ್, ಅಂದ್ರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಎಷ್ಟು ಬಂತು ನೋಡ್ಕೊಂಡೇ ಮುಂದಿನ ಮಾತು.