‘ಅನಲೈಸ್’ ಇರುವಾಗ ‘ಅನಾಲಿಸಿಸ್’ ಯಾಕೆ?

ಪ್ರಶ್ನೆ: ನಾನು ಪಿಎಚ್‌.ಡಿ. ವಿದ್ಯಾರ್ಥಿನಿ. ನಮ್ಮ ಸಂಶೋಧನಾ ಲೇಖನದ ಅರ್ಧ ಬರೆದವರು ಚೀನಾದ ಸಹಲೇಖಕರು. ಅದರಲ್ಲಿ ‘ಶನ್’, ‘ಮೆಂಟ್’ ಅಂತ ಮುಗಿಯುವ ನಾಮಪದಗಳು ಜಾಸ್ತಿ, ಎಲ್ಲವನ್ನೂ ಕ್ರಿಯಾಪದ ಮಾಡಿ ಅಂತ ವಿಮರ್ಶಕರು ಬರೆದಿದ್ದಾರೆ. ಆದರೆ ಇಂಗ್ಲಿಷ್ ಮನೆಮಾತಾಗಿರುವವರ ಲೇಖನಗಳಲ್ಲೂ ಅವೇ ತುಂಬಿರುತ್ತವಲ್ಲ? ವ್ಯತ್ಯಾಸ ಏನು?

ಉತ್ತರ: ನೀವು ಗಮನಿಸಿದ್ದು ಸರಿ. ವಿಜ್ಞಾನದ ಇಂಗ್ಲಿಷ್ ನಿಂತಿರುವುದೇ ನಾಮಪದಗಳ ಮೇಲೆ, ಯಾರೇ ಬರೆದರೂ. ಎಷ್ಟು ಬಳಸಿದ್ದಾರೆ ಅಂತ ಸುಮ್ನೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಆ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ, ಅಲ್ಲಿ ಅದಕ್ಕೆ ಏನು ಕೆಲಸ ಅಂತ ನೋಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ‘ದಿ ಸ್ಯಾಂಪಲ್ ಎಕ್ಸ್‌ಪ್ಯಾಂಡೆಡ್. ದಿಸ್ ಎಕ್ಸ್‌ಪ್ಯಾನ್ಶನ್ ಬ್ರೋಕ್ ದಿ ಸೀಲ್.’ ಮೊದಲ ವಾಕ್ಯದಲ್ಲಿ ಹಿಗ್ಗುವುದು ಕ್ರಿಯಾಪದ, ಹೊಸ ಸುದ್ದಿ. ಎರಡನೆಯದರಲ್ಲಿ ಅದೇ ಸುದ್ದಿ ನಾಮಪದವಾಗಿ ಮುಂದಿನ ಮಾತನ್ನು ಶುರು ಮಾಡುತ್ತದೆ. ಹೇಳಿದ್ದನ್ನು ಗಂಟು ಕಟ್ಟಿ ಮುಂದಕ್ಕೆ ಒಯ್ದ ಹಾಗೆ. ಭಾಷಾತಜ್ಞ ಮೈಕೆಲ್ ಹ್ಯಾಲಿಡೆ 1704ರಲ್ಲಿ ಪ್ರಕಟವಾದ ನ್ಯೂಟನ್ನನ ‘ಆಪ್ಟಿಕ್ಸ್’ ಪುಸ್ತಕದಲ್ಲೇ ಈ ಜಾಣತನವನ್ನು ಗುರುತಿಸಿ ತೋರಿಸಿದರು. ಅನುಭವ ಇರುವ ಲೇಖಕರು ಇದನ್ನು ಯೋಚಿಸದೆಯೇ ಮಾಡುತ್ತಾರೆ.

ಈಗ ಇನ್ನೊಂದು ಬಗೆ ನೋಡಿ: ‘ವಿ ಮೇಡ್ ಆನ್ ಅನಾಲಿಸಿಸ್ ಆಫ್ ದಿ ಡೇಟಾ.’ ಇಲ್ಲಿ ನಾಮಪದ ಯಾವುದನ್ನೂ ಮುಂದಕ್ಕೆ ಒಯ್ಯುತ್ತಿಲ್ಲ. ‘ವಿ ಅನಲೈಸ್ಡ್ ದಿ ಡೇಟಾ’ ಅಂದರೆ ಮುಗಿಯಿತು. ಇಂಥ ವಾಕ್ಯ ಯಾಕೆ ಬರುತ್ತದೆ ಅಂತ ತಿಳಿದುಕೊಳ್ಳಬೇಕಾದರೆ ಚೀನೀ ಭಾಷೆಯ ಕಡೆ ಸ್ವಲ್ಪ ಹೋಗಬೇಕು. ಅಲ್ಲಿ ‘ಫೆನ್‌ಶಿ’ ಅಂದರೆ ವಿಶ್ಲೇಷಿಸು ಅಂತಲೂ ಹೌದು, ವಿಶ್ಲೇಷಣೆ ಅಂತಲೂ ಹೌದು. ಪದದ ರೂಪ ಬದಲಾಗುವುದಿಲ್ಲ. ಗಂಭೀರ ಬರವಣಿಗೆಯಲ್ಲಿ ಅದಕ್ಕಿಂತ ಮೊದಲು ‘ಜಿನ್‌ಶಿಂಗ್’ ಸೇರಿಸಿ, ಹೆಚ್ಚು ಕಡಿಮೆ ‘ವಿಶ್ಲೇಷಣೆ ನಡೆಸು’ ಎಂಬ ಅರ್ಥದಲ್ಲಿ ಬರೆಯುವುದು ತೀರಾ ಸಾಮಾನ್ಯ. ಆ ಭಾಷೆಯಲ್ಲಿ ಅದು ಒಳ್ಳೆಯ, ಗೌರವದ ಶೈಲಿ. ನಿಮ್ಮ ಸಹಲೇಖಕರ ವಾಕ್ಯಗಳ ಹಿಂದೆ ಇದೇ ಇರಬಹುದು. ಹಾಗಾಗಿ ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ದಯವಿಟ್ಟು ತೀರ್ಮಾನಿಸಬೇಡಿ. ನಾವೂ ‘ವಿಶ್ಲೇಷಣೆ ಮಾಡಿದೆವು’ ಅಂತಲೇ ಬರೆಯುತ್ತೇವೆ ಅಲ್ವಾ? ನಿಮ್ಮ ಅರ್ಧವನ್ನೂ ಒಮ್ಮೆ ಇದೇ ಕಣ್ಣಿನಿಂದ ಓದಿ.

ಚೀನೀ ಭಾಷೆಯಲ್ಲಿ ‘ಎ’, ‘ದಿ’ ಥರದ ಪದಗಳಿಲ್ಲ, ಸಾಮಾನ್ಯ ನಾಮಪದಗಳಿಗೆ ಬಹುವಚನದ ಪ್ರತ್ಯಯವೂ ಕಡ್ಡಾಯವಲ್ಲ. ಆದ್ದರಿಂದ ನಾಮಪದಗಳು ಹೆಚ್ಚಿದ ಹಾಗೆ, ಬಹುವಚನ ಬೇಡದ ಪದಕ್ಕೂ ‘ಎಸ್’ ಸೇರಿಸಿದ ‘ರಿಸರ್ಚಸ್’, ‘ಎವಿಡೆನ್ಸಸ್’ ಥರದ ತಪ್ಪುಗಳು ನುಸುಳಬಹುದು. ಅವನ್ನು ತಿದ್ದುವುದು ಸುಲಭ.

ಕೆಲಸವಿಲ್ಲದ ನಾಮಪದಗಳನ್ನು ತುರುಕುವುದರಲ್ಲಿ ಇಂಗ್ಲಿಷ್ ಮನೆಮಾತಿನವರೂ ಕಮ್ಮಿ ಇಲ್ಲ. ಹೆಲೆನ್ ಸ್ವೋರ್ಡ್ ಎಂಬ ವಿದ್ವಾಂಸೆ ಜೀವ ಕಳೆದುಕೊಂಡ ಇಂಥ ಪದಗಳನ್ನು ‘ಜಾಂಬಿ ನಾಮಪದ’ ಅಂತ ಕರೆದಾಗ, ಚೀನಾದವರನ್ನು ಮಾತ್ರ ಮನಸ್ಸಲ್ಲಿಟ್ಟುಕೊಂಡು ಹೇಳಿದ್ದಲ್ಲ, ಒಟ್ಟು ವಿದ್ವತ್ ಬರವಣಿಗೆಯನ್ನೇ ನೋಡಿ ಹೇಳಿದ್ದು.

ಹಾಗಾಗಿ ವಿಮರ್ಶಕರು ಹೇಳಿದಂತೆ ಎಲ್ಲವನ್ನೂ ಕ್ರಿಯಾಪದ ಮಾಡಲು ಹೋಗಬೇಡಿ, ಲೇಖನದ ಕೊಂಡಿಗಳೇ ಕಳಚಿಹೋಗುತ್ತವೆ. ‘ಮೇಕ್’, ‘ಪರ್ಫಾರ್ಮ್’, ‘ಕ್ಯಾರಿ ಔಟ್’, ‘ಕಂಡಕ್ಟ್’ ಪಕ್ಕ ಕೂತ ನಾಮಪದಗಳನ್ನು ಮೊದಲು ಹುಡುಕಿ, ಪ್ರಯೋಗದ ವಿಧಾನ ಬರೆದ ಭಾಗದಲ್ಲಿ ಬೇಕಾದಷ್ಟು ಸಿಗುತ್ತವೆ, ಅವನ್ನು ಬಿಡಿಸಿ ಕ್ರಿಯಾಪದ ಮಾಡಿ. ಹಿಂದಿನ ವಾಕ್ಯದ ಮಾತನ್ನು ಹೊತ್ತು ‘ದಿಸ್’ ಜೊತೆ ಬಂದವನ್ನು ಹಾಗೇ ಬಿಡಿ. ‘ಆಕ್ಸಿಡೇಶನ್’ ಥರದ ಪಾರಿಭಾಷಿಕ ಪದಗಳನ್ನಂತೂ ಮುಟ್ಟಲೇಬೇಡಿ. ಯಾವುದನ್ನು ಯಾಕೆ ಉಳಿಸಿಕೊಂಡಿದ್ದೀರಿ ಅಂತ ವಿಮರ್ಶಕರಿಗೆ ಕೊಡುವ ಉತ್ತರದಲ್ಲಿ ಎರಡು ಸಾಲು ಬರೆಯಿರಿ, ಕಳುಹಿಸುವ ಮೊದಲು ಸಹಲೇಖಕರಿಗೂ ತೋರಿಸಿ.