ಮೆಕ್ಕೆಜೋಳದ ಸುಳಿ ಬಿಳಿಚಿಕೊಂಡಿರುವ ಕುರಿತು

ಮೆಕ್ಕೆಜೋಳದ ಸುಳಿ ಬಿಳಿಚಿಕೊಂಡಿದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಿಮ್ಮ ಬೆಳೆಯಲ್ಲಿ ಕಾಣುತ್ತಿರುವುದು ಬಹುಮಟ್ಟಿಗೆ ಸತುವಿನ (ಜಿಂಕ್) ಕೊರತೆ. ಪ್ರತಿ ವರ್ಷವೂ ಡಿಎಪಿ (ರಂಜಕ ಹೆಚ್ಚಿರುವ ಗೊಬ್ಬರ) ಹಾಕುವ ಎರೆಮಣ್ಣಿನಲ್ಲಿ 25 ದಿನದ ಪೈರಿನ ಸುಳಿ ಬಿಳಿಚಿಕೊಂಡು, ಯೂರಿಯಾ ಕೊಟ್ಟರೂ ಹಸಿರಾಗದಿರುವುದು ಅದನ್ನೇ ಸೂಚಿಸುತ್ತದೆ, ಏಕೆಂದರೆ ಎರೆಮಣ್ಣಿನ ಸುಣ್ಣದಂಶವೂ ಡಿಎಪಿಯಿಂದ ಬರುವ ಅತಿಯಾದ ರಂಜಕವೂ ಸತುವನ್ನು ಬೇರಿಗೆ ಸಿಗದಂತೆ ಮಾಡುತ್ತವೆ.

ಆದರೂ ಮೊದಲು ಎಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ನಡುನರದ ಎರಡೂ ಪಕ್ಕದಲ್ಲಿ, ಬುಡದ ಕಡೆ, ಅಗಲವಾದ ಬಿಳಿ ಪಟ್ಟಿಯಿದ್ದು ಅಂಚು ಹಸಿರಾಗಿದ್ದರೆ ಅದು ಸತುವಿನ ಕೊರತೆ. ಎಲೆಯ ಉದ್ದಕ್ಕೂ ನರಗಳ ನಡುವೆ ಸಣ್ಣ ಗೆರೆಗಳಿದ್ದರೆ ಕಬ್ಬಿಣದ ಕೊರತೆಯಿರಬಹುದು, ಆಗ ಕೆಳಗಿನ ಸಿಂಪರಣೆಯಿಂದ ಪ್ರಯೋಜನವಾಗದು.

ಸತುವಿನದೇ ಎಂದಾದರೆ, 10 ಲೀಟರ್ ನೀರಿಗೆ 50 ಗ್ರಾಂ ಜಿಂಕ್ ಸಲ್ಫೇಟ್ ಮತ್ತು 25 ಗ್ರಾಂ ಅರಳಿದ ಸುಣ್ಣವನ್ನು ಬೇರೆಬೇರೆಯಾಗಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಬೆರೆಸಿ, ಸಂಜೆಯ ಹೊತ್ತು ಎಲೆ ನೆನೆಯುವಂತೆ ಸಿಂಪಡಿಸಿ. ಸುಣ್ಣ ಹಾಕದಿದ್ದರೆ ಎಲೆ ಸುಡಬಹುದು. ಹತ್ತು ದಿನದ ನಂತರ ಇನ್ನೊಮ್ಮೆ ಸಿಂಪಡಿಸಿ. ಹೊಸದಾಗಿ ಬರುವ ಎಲೆ ಹಸಿರಾಗಿದೆಯೇ ಎಂದು ನೋಡಿ, ಹಳೆಯ ಎಲೆಯ ಬಿಳುಪು ಪೂರ್ತಿ ಹೋಗದಿದ್ದರೆ ಚಿಂತಿಸಬೇಡಿ.

ಮುಂದಿನ ಹಂಗಾಮಿಗೆ, ಬಿತ್ತನೆಗೆ ಎರಡು ಮೂರು ವಾರ ಮೊದಲು ಎಕರೆಗೆ 4 ಟನ್ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಮಣ್ಣಿಗೆ ಸೇರಿಸಿ. ಅದರಲ್ಲಿ ಸ್ವಲ್ಪವನ್ನು ತೆಗೆದಿಟ್ಟು, ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಬೆರೆಸಿ ಬಿತ್ತನೆಯ ವೇಳೆಗೆ ಕೊಡಿ; ಡಿಎಪಿ ಜೊತೆ ಮಾತ್ರ ಬೆರೆಸಬೇಡಿ. ಕಾಂಪೋಸ್ಟ್ ಪೂರ್ತಿ ಕಳಿತಿರಲಿ; ಅರೆಬರೆ ಕಳಿತದ್ದು ಬೆಳೆಗೆ ಸಿಗಬೇಕಾದ ಸಾರಜನಕವನ್ನೇ ಹಿಡಿದಿಡುತ್ತದೆ. ಡಿಎಪಿ ಎಷ್ಟು ಇಳಿಸಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿ ನೋಡಿಯೇ ನಿರ್ಧರಿಸಿ.