ಬಾಯಿಮಾತಿನ ಸಲಹೆ, ಬರಹದ ದಾಖಲೆ

ಪ್ರಶ್ನೆ: ದಾವಣಗೆರೆಯಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಸಣ್ಣ ಕಚೇರಿ ನನ್ನದು. ಬಟ್ಟೆ ಅಂಗಡಿಯ ಮಾಲೀಕರೊಬ್ಬರು 2023–24ನೇ ಆರ್ಥಿಕ ವರ್ಷಕ್ಕೆ ನಮೂನೆ 10-ಐಇಎ ಸಲ್ಲಿಸಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿದ್ದರು, ಮರುವರ್ಷ ಹೊಸ ಪದ್ಧತಿಗೆ ಬಂದರು. ಹಾಗೆ ಬಂದರೆ ವ್ಯಾಪಾರದ ಆದಾಯ ಇರುವವರೆಗೆ ಮತ್ತೆ ಹಳೆಯದಕ್ಕೆ ಹೋಗಲಾಗದೆಂದು ಆಗಲೇ ಹೇಳಿದ್ದೆ. ಈಗ ವಾಸದ ಮನೆಗೆ ಸಾಲ ಮಾಡಿ, ಹಳೆಯ ಪದ್ಧತಿಯಲ್ಲಿ ಮಾತ್ರ ಸಿಗುವ ಬಡ್ಡಿಯ ಕಡಿತ ಬೇಕೆನ್ನುತ್ತಾರೆ. ‘ನೀವು ಹೇಳಲೇ ಇಲ್ಲ’ ಎಂದು ದೂರುತ್ತಾರೆ. ಸಲಹೆಯನ್ನು ದಾಖಲಿಸುವುದು ಹೇಗೆ? ವಾಟ್ಸಾಪ್ ಸಂದೇಶ ಸಾಕೇ?

ಉತ್ತರ: ನೀವು ಕೊಟ್ಟ ಸಲಹೆ ಸರಿಯಾಗಿಯೇ ಇದೆ, ಅದು ಕಡತದಲ್ಲಿಲ್ಲ ಎಂಬುದಷ್ಟೇ ಕೊರತೆ. ಸಂಬಳದಾರರು ಪ್ರತಿ ವರ್ಷ ಪದ್ಧತಿಯನ್ನು ಬದಲಿಸಬಹುದಾದ್ದರಿಂದ ಅಲ್ಲಿ ಬಾಯಿಮಾತು ಹೇಗೋ ನಡೆಯುತ್ತದೆ. ಹೊಸ ಪದ್ಧತಿಗೆ ಹಿಂದಿರುಗಲು ಒಂದೇ ಅವಕಾಶವಿರುವ ವ್ಯಾಪಾರಿಗಳ ವಿಷಯದಲ್ಲಿ ಹಾಗಲ್ಲ.

ಉದ್ದನೆಯ ಪತ್ರ ಬೇಕಿಲ್ಲ. ಕಕ್ಷಿದಾರರು ಎದ್ದು ಹೋದ ದಿನವೇ, ಅವರು ಕೊಟ್ಟ ಮಾಹಿತಿ, ಕೇಳಿದ ಪ್ರಶ್ನೆ, ನೀವು ಹೇಳಿದ ಮಾತು ಮತ್ತು ಅವರು ಕೈಗೊಂಡ ತೀರ್ಮಾನ ಇಷ್ಟನ್ನೂ ದಿನಾಂಕದೊಂದಿಗೆ ಬರೆದು ಅವರಿಗೆ ಕಳುಹಿಸಿ. ನಿಮ್ಮ ಸಂದರ್ಭದಲ್ಲಿ ಅದು ಹೀಗಿರಬಹುದಿತ್ತು: ‘ಈ ವರ್ಷ ಹೊಸ ಪದ್ಧತಿಯಲ್ಲಿ ತೆರಿಗೆ ಕಡಿಮೆ ಬರುತ್ತದೆಂದು ಲೆಕ್ಕ ತೋರಿಸಿದ್ದೇನೆ. ವ್ಯಾಪಾರದ ಆದಾಯ ಇರುವವರೆಗೆ ಹಳೆಯ ಪದ್ಧತಿ ಮತ್ತೆ ಸಿಗುವುದಿಲ್ಲ; ಮುಂದೆ ವಾಸದ ಮನೆಗೆ ಸಾಲ ಮಾಡಿದರೆ ಬಡ್ಡಿಗೆ ಎರಡು ಲಕ್ಷ ರೂಪಾಯಿಯವರೆಗಿನ ಕಡಿತವೂ ದೊರೆಯದು. ಇದನ್ನು ತಿಳಿದೇ ಹೊಸ ಪದ್ಧತಿಗೆ ಒಪ್ಪಿದ್ದೀರಿ. ಸರಿಯಿದ್ದರೆ ಉತ್ತರಿಸಿ.’ ಕಲಂ ಸಂಖ್ಯೆಗಳನ್ನು ತುಂಬಿದ ಪತ್ರಕ್ಕಿಂತ ಅಂಗಡಿಯವರಿಗೆ ಅರ್ಥವಾಗುವ ಕನ್ನಡದ ಈ ನಾಲ್ಕು ಸಾಲಿಗೇ ಬೆಲೆ ಹೆಚ್ಚು, ಏಕೆಂದರೆ ಓದಿ ತಿಳಿಯದ ಸಲಹೆಯನ್ನು ಕೊಟ್ಟರೂ ಕೊಡದಂತೆಯೇ.

ವಾಟ್ಸಾಪ್ ಸಾಲದು ಎನ್ನಲಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ನಿಗದಿತ ಪ್ರಮಾಣಪತ್ರದೊಂದಿಗೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದರೆ ಮೊಬೈಲ್ ಬದಲಾಗುತ್ತದೆ, ಸಂದೇಶ ಅಳಿಸಿಹೋಗುತ್ತದೆ. ನೀಲಿ ಗುರುತು ಬಿದ್ದ ಮಾತ್ರಕ್ಕೆ ಒಪ್ಪಿದರೆಂದೂ ಅಲ್ಲ. ಇಮೇಲ್ ಕಳುಹಿಸಿ, ವಾಟ್ಸಾಪ್‌ನಲ್ಲಿ ಅದರ ಸೂಚನೆ ಕೊಡುವುದು ಮೇಲು. ಮರುಮೌಲ್ಯಮಾಪನದ, ಎಂದರೆ ಹಳೆಯ ರಿಟರ್ನನ್ನು ತೆರಿಗೆ ಇಲಾಖೆ ಮತ್ತೆ ಪರಿಶೀಲಿಸುವ, ನೋಟಿಸ್ ಬರಬಹುದಾದ ಅವಧಿಯನ್ನು ಗಮನಿಸಿದರೆ, ಸಾಮಾನ್ಯ ಟಿಪ್ಪಣಿಗಳನ್ನು ಸಂಬಂಧಿಸಿದ ಕರ ನಿರ್ಧರಣಾ ವರ್ಷ (ಆರ್ಥಿಕ ವರ್ಷದ ಮರುವರ್ಷ) ಮುಗಿದ ಮೇಲೆ ಆರು ವರ್ಷವಾದರೂ ಉಳಿಸಿಕೊಳ್ಳಬೇಕು. ಪದ್ಧತಿಯ ಆಯ್ಕೆಗೆ ಸಂಬಂಧಿಸಿದ್ದನ್ನು ಕಕ್ಷಿದಾರರು ನಿಮ್ಮಲ್ಲಿರುವಷ್ಟು ಕಾಲವೂ ಇಟ್ಟುಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು. ಇಂಥ ಟಿಪ್ಪಣಿ ರಕ್ಷಿಸುವುದು ಕಾನೂನು ಎರಡು ದಾರಿ ಬಿಟ್ಟಿರುವಲ್ಲಿ ಮಾತ್ರ. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ವಿವರಣೆಯಲ್ಲಿ (ಎಐಎಸ್) ಕಾಣುವ ಠೇವಣಿ ಬಡ್ಡಿಯನ್ನು ಬಿಟ್ಟುಬಿಡಿ ಎಂದು ಕಕ್ಷಿದಾರರು ಹೇಳಿದಾಗ, ‘ಹಾಗೆ ಬಿಡುವುದು ಬೇಡವೆಂದು ತಿಳಿಸಿದ್ದೇನೆ’ ಎಂದು ಬರೆದಿಟ್ಟು ನೀವೇ ಅದನ್ನು ಬಿಟ್ಟು ರಿಟರ್ನ್ ಸಲ್ಲಿಸಿದರೆ, ಗೊತ್ತಿದ್ದೇ ಸುಳ್ಳು ವಿವರಣೆಗೆ ನೆರವಾದಿರಿ ಎಂಬುದಕ್ಕೆ ಆ ಬರಹವೇ ಪುರಾವೆಯಾದೀತು. 1961ರ ಆದಾಯ ತೆರಿಗೆ ಕಾಯ್ದೆಯ 278ನೇ ಕಲಂ ಅಂಥ ಕುಮ್ಮಕ್ಕನ್ನು ಶಿಕ್ಷಾರ್ಹವೆನ್ನುತ್ತದೆ. ಅಲ್ಲಿ ಬರೆಯಬೇಕಾದದ್ದು ಕೆಲಸ ಒಪ್ಪಿಕೊಳ್ಳುವುದಿಲ್ಲವೆಂಬ ಪತ್ರ.

ಇನ್ನು ಈ ಬಟ್ಟೆ ವ್ಯಾಪಾರಿಯ ವಿಷಯ. ಹಿಂದಿನ ದಿನಾಂಕ ಹಾಕಿ ಟಿಪ್ಪಣಿ ಸೃಷ್ಟಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಇಂದಿನ ದಿನಾಂಕದಲ್ಲೇ, ಹಿಂದೆ ಮಾತನಾಡಿದ್ದು ನಿಮ್ಮ ನೆನಪಿನಂತೆ ಏನು, ಈಗ ಹಳೆಯ ಪದ್ಧತಿ ಏಕೆ ಸಿಗದು ಎಂಬುದನ್ನು ಬರೆದು ಕಳುಹಿಸಿ, ಈ ವರ್ಷದ ರಿಟರ್ನ್ ಸಲ್ಲಿಸುವ ಮೊದಲು ಅವರ ಉತ್ತರವನ್ನು ಪಡೆದುಕೊಳ್ಳಿ.